ನರದ ನೋವಿಗೆ ಮೂರ್ಛೆರೋಗದ ಮಾತ್ರೆ ಏಕೆ?

ಊರಿನಿಂದ ಬಂದು ನಾಲ್ಕಾರು ತಿಂಗಳು ನಮ್ಮ ಮನೆಗಳಲ್ಲಿ ಉಳಿಯುವ ತಂದೆತಾಯಿಯರ ಔಷಧಿಯ ಚೀಲದಲ್ಲಿ ಈಗೀಗ ಒಂದು ಮಾತ್ರೆ ಹೆಚ್ಚುಕಡಿಮೆ ಖಾಯಂ ಆಗಿಬಿಟ್ಟಿದೆ. ಗಾಬಾಪೆಂಟಿನ್, ಪ್ರಿಗಾಬಲಿನ್ ಅಥವಾ ಅಮಿಟ್ರಿಪ್ಟಿಲಿನ್. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿಗೋ, ಸರ್ಪಸುತ್ತು ಒಣಗಿದ ಮೇಲೂ ಬಿಡದೆ ಕಾಡುವ ಪಕ್ಕೆಯ ನೋವಿಗೋ ಅಲ್ಲಿಯ ವೈದ್ಯರು ಬರೆದುಕೊಟ್ಟಿರುತ್ತಾರೆ. ಇಲ್ಲಿ ಮಗನೋ ಸೊಸೆಯೋ ಅದರ ವಿವರ ತೆಗೆದು ಓದಿದರೆ "ಮೂರ್ಛೆರೋಗಕ್ಕೆ" ಎಂದೋ "ಖಿನ್ನತೆಗೆ" ಎಂದೋ ಇರುತ್ತದೆ. ಕೂಡಲೇ ನಮಗೆ ಫೋನು: "ಅಮ್ಮನಿಗೆ ಯಾವತ್ತೂ ಫಿಟ್ಸ್ ಬಂದಿಲ್ಲವಲ್ಲ ಡಾಕ್ಟ್ರೇ?" ಅಷ್ಟರಲ್ಲಿ ಅಪ್ಪ "ನನಗೇನು ತಲೆ ಕೆಟ್ಟಿದೆಯೇ?" ಎಂದು ಮಾತ್ರೆಯನ್ನು ನಿಲ್ಲಿಸಿಯೂ ಆಗಿರುತ್ತದೆ. ರಾತ್ರಿಯಿಡೀ ಕಾಲು ಉಜ್ಜಿಕೊಂಡು ಎದ್ದು ಕೂರುವುದು ಮತ್ತೆ ಶುರು.

ಕೂಟದಲ್ಲಿರುವ ವೈದ್ಯರಾದ ನಾವು ಕೆಲವರು ಈ ಪ್ರಶ್ನೆಗೆ ಫೋನಿನಲ್ಲಿ ಚುಟುಕಾಗಿ ಉತ್ತರ ಹೇಳುತ್ತಲೇ ಬಂದಿದ್ದೇವೆ. ಆದರೆ ಇದರ ನಿಜವಾದ ಉತ್ತರ ಔಷಧಿಯ ಚೀಟಿಯಲ್ಲಿಲ್ಲ, ಇತಿಹಾಸದಲ್ಲಿದೆ. ನರದ ನೋವಿಗೆ ನಾವಿಂದು ಬಳಸುವ ಮುಖ್ಯ ಮಾತ್ರೆಗಳಲ್ಲಿ ಬಹುಪಾಲು ಬೇರೆ ಯಾವುದೋ ಕಾಯಿಲೆಗೆಂದು ಹುಟ್ಟಿ, ಅಡ್ಡದಾರಿಯಲ್ಲಿ ಇಲ್ಲಿಗೆ ಬಂದವು. ಹೆಸರು ಮಾತ್ರ ಹಳೆಯ ಮನೆಯದೇ ಉಳಿದುಕೊಂಡಿದೆ.

ಮೊದಲು ಈ ನೋವು ಬೇರೆ ನೋವಿನಂತೆ ಏಕಲ್ಲ ಎಂಬುದನ್ನು ತಿಳಿಯಬೇಕು. ಕಾಲಿಗೆ ಮುಳ್ಳು ಚುಚ್ಚಿದರೆ ನರ ಆ ಸುದ್ದಿಯನ್ನು ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಮುಟ್ಟಿಸುತ್ತದೆ. ಅದು ನರದ ಕೆಲಸ. ನರವೇ ಕೆಟ್ಟಾಗ ಮುಳ್ಳಿಲ್ಲದೆಯೂ ಸುದ್ದಿ ಹೋಗುತ್ತಲೇ ಇರುತ್ತದೆ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಕರೆಗಂಟೆ ತಾನೇ ಬಾರಿಸುತ್ತಿರುವ ಹಾಗೆ. ಉರಿ, ಜೋಮು, ಚುಮುಚುಮು, ಕರೆಂಟು ಹೊಡೆದಂತೆ ಸೆಳೆತ, ಹೊದಿಕೆ ತಾಗಿದರೂ ತಡೆಯಲಾಗದ ಚರ್ಮ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ಮುಖ್ಯವಾಗಿ ಗಾಯದ ಜಾಗದ ಊತದ ಮೇಲೆ ಕೆಲಸ ಮಾಡುವಂಥವು. ಊತವೇ ಇಲ್ಲದ ಕಡೆ ಅವುಗಳಿಂದ ಹೆಚ್ಚೇನೂ ಆಗದು.

ಹಳೆಯ ವೈದ್ಯರು ಇದನ್ನು ಮೊದಲು ಗುರುತಿಸಿದ್ದು ಮುಖದಲ್ಲಿ. ತತ್ತ್ವಜ್ಞಾನಿಯೆಂದು ನಾವು ಓದಿದ ಜಾನ್ ಲಾಕ್ ವೈದ್ಯನೂ ಆಗಿದ್ದ; 1677ರಲ್ಲಿ ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ರಾಯಭಾರಿಯ ಹೆಂಡತಿಗೆ ಬರುತ್ತಿದ್ದ ಮಿಂಚಿನಂಥ ಮುಖದ ನೋವನ್ನು ಆತ ಪತ್ರಗಳಲ್ಲಿ ವಿವರಿಸಿದ್ದಾನೆ. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಇದಕ್ಕೆ "ಟಿಕ್ ಡೂಲೊರೊ" ಎಂದು ಹೆಸರಿಟ್ಟ. ಇಂದು ನಾವು ಟ್ರೈಜೆಮಿನಲ್ ನ್ಯೂರಾಲ್ಜಿಯ ಎನ್ನುವುದು ಇದನ್ನೇ. ಹಲ್ಲುನೋವೆಂದು ತಿಳಿದು ಗಟ್ಟಿಯಾದ ಹಲ್ಲುಗಳನ್ನು ಕೀಳಿಸಿಕೊಂಡ ರೋಗಿಗಳು ಆಗಲೂ ಇದ್ದರು, ಈಗಲೂ ಬರುತ್ತಾರೆ.

ಆಗಿದ್ದ ಒಂದೇ ಬಲವಾದ ಮದ್ದು ಅಫೀಮು. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸರ್ಟುರ್ನರ್ ಅದರಿಂದ ಮಾರ್ಫಿನ್ ಬೇರ್ಪಡಿಸಿದ. ಆಮೇಲೆ ನಡೆದದ್ದು ಅನೇಕರಿಗೆ ತಿಳಿಯದು: ಇಂದು ಪ್ರತಿ ಆಸ್ಪತ್ರೆಯಲ್ಲೂ ಇರುವ ಇಂಜೆಕ್ಷನ್ ಹುಟ್ಟಿದ್ದೇ ನರದ ನೋವಿಗಾಗಿ. 1844ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ಮುಖದ ನರದ ನೋವಿನಿಂದ ಒದ್ದಾಡುತ್ತಿದ್ದ ಒಬ್ಬ ಹೆಂಗಸಿನ ಚರ್ಮದಡಿಗೆ ಕೊಳವೆಯ ಮೂಲಕ ಮಾರ್ಫಿನ್ ಇಳಿಸಿದ. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಸಿರಿಂಜಿನಿಂದ, ಭುಜದ ನರದ ನೋವಿದ್ದ ಒಬ್ಬ ಮುದುಕಿಗೆ, ಶೆರಿ ಮದ್ಯದಲ್ಲಿ ಕರಗಿಸಿದ ಮಾರ್ಫಿನ್ ಚುಚ್ಚಿದ. ನೋಯುವ ನರದ ಹತ್ತಿರವೇ ಚುಚ್ಚಿದರೆ ಮಾತ್ರ ಕೆಲಸ ಮಾಡುತ್ತದೆಂದು ವುಡ್‌ನ ನಂಬಿಕೆ. ಎಲ್ಲಿ ಚುಚ್ಚಿದರೂ ಅದು ರಕ್ತದ ಮೂಲಕವೇ ಕೆಲಸ ಮಾಡುತ್ತದೆಂದು ಲಂಡನ್ನಿನ ಚಾರ್ಲ್ಸ್ ಹಂಟರ್ ಕೆಲವೇ ವರ್ಷಗಳಲ್ಲಿ ತೋರಿಸಿದ.

ನಾವು ಬಂದು ನೆಲೆಸಿರುವ ಈ ಅಮೆರಿಕ ದೇಶದ ಪಾಲೂ ಈ ಕಥೆಯಲ್ಲಿ ದೊಡ್ಡದು. ಇಲ್ಲಿಯ ಅಂತರ್ಯುದ್ಧದಲ್ಲಿ ಗುಂಡು ತಗುಲಿ ನರ ಕೆಟ್ಟ ಸೈನಿಕರಿಗಾಗಿ ಫಿಲಡೆಲ್ಫಿಯಾದಲ್ಲಿ ಟರ್ನರ್ಸ್ ಲೇನ್ ಆಸ್ಪತ್ರೆ ನಡೆಯಿತು. ಅಲ್ಲಿ ವಿಯರ್ ಮಿಚೆಲ್ ಮತ್ತು ಆತನ ಇಬ್ಬರು ಜೊತೆಗಾರರು ನೋಡಿದ್ದನ್ನು 1864ರಲ್ಲಿ ಪುಸ್ತಕವಾಗಿ ಬರೆದರು. ಗಾಯ ಮಾಯ್ದು ತಿಂಗಳುಗಳಾದರೂ ಕೈ ಬೆಂಕಿಯಲ್ಲಿಟ್ಟಂತೆ ಉರಿಯುತ್ತಿತ್ತು. ಸೈನಿಕರು ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಕೆಲವರು ಬೂಟಿನೊಳಗೇ ನೀರು ಸುರಿದುಕೊಳ್ಳುತ್ತಿದ್ದರು. ಕಾಗದ ಸರಪರ ಎಂದರೂ, ಪಕ್ಕದಲ್ಲಿ ಯಾರಾದರೂ ಜೋರಾಗಿ ಹೆಜ್ಜೆ ಹಾಕಿದರೂ ನೋವು ಏರುತ್ತಿತ್ತು. ಇಂಥವರನ್ನು ಹೇಡಿಗಳು, ನಾಟಕದವರು ಎನ್ನುವುದು ಸುಲಭವಿತ್ತು. ಮಿಚೆಲ್ ಹಾಗೆನ್ನಲಿಲ್ಲ, ನರದ ಗಾಯದಿಂದ ಹುಟ್ಟುವ ನಿಜವಾದ ನೋವೆಂದು ಬರೆದು ಅದಕ್ಕೆ "ಕಾಸಾಲ್ಜಿಯ" ಎಂದು ಹೆಸರು ಕೊಟ್ಟ. ಕತ್ತರಿಸಿಹೋದ ಕಾಲಿನಲ್ಲೂ ನೋವಿರುವುದನ್ನು "ಫ್ಯಾಂಟಮ್ ಲಿಂಬ್" ಎಂದವನೂ ಆತನೇ. ನಮ್ಮ ದೃಷ್ಟಿಯಲ್ಲಿ ಯಾವ ಮಾತ್ರೆಗಿಂತ ಇದೇ ದೊಡ್ಡ ಕೆಲಸ. ಔಷಧಿಯ ವಿಷಯದಲ್ಲಿ ಮಾತ್ರ ಆತನ ಕೈಯಲ್ಲೂ ಮಾರ್ಫಿನ್ನಿನ ಸಿರಿಂಜು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಹೊಸ ದಾರಿ ತೆರೆದದ್ದು ಒಂದು ಹೋಲಿಕೆಯಿಂದ. ಮುಖದ ನರದ ನೋವು ಇದ್ದಕ್ಕಿದ್ದಂತೆ ಬಂದು, ಕ್ಷಣಗಳಲ್ಲಿ ಹೋಗಿ, ಮತ್ತೆ ಬರುವುದನ್ನು ಕಂಡ ಪ್ಯಾರಿಸ್ಸಿನ ಟ್ರೂಸೊ, ಇದು ಮೂರ್ಛೆರೋಗದ ಸೆಳವಿನಂತಿದೆಯಲ್ಲ ಎಂದು 19ನೇ ಶತಮಾನದಲ್ಲೇ ಇದನ್ನು "ಮೂರ್ಛೆಯಂಥ ನರಶೂಲೆ" ಎಂದು ಕರೆದಿದ್ದ. ಆ ಮಾತಿಗೆ ತಕ್ಕ ಔಷಧಿ ಬರಲು ಬಹಳ ಕಾಲ ಹಿಡಿಯಿತು. 1938ರಲ್ಲಿ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ಮೂರ್ಛೆರೋಗವನ್ನು ತಡೆಯುತ್ತದೆಂದು ತೋರಿಸಿದರು. 1942ರಲ್ಲಿ ಫ್ರಾನ್ಸಿನ ಬೆರ್ಗುಇನ್ಯಾನ್ ಅದನ್ನು ಮುಖದ ನೋವಿಗೆ ಕೊಟ್ಟ, ಕೆಲಸ ಮಾಡಿತು.

ಅದಕ್ಕಿಂತ ಒಳ್ಳೆಯದು ಕಾರ್ಬಮಜೆಪಿನ್, ಊರಿನಲ್ಲಿ ಟೆಗ್ರೆಟಾಲ್ ಎಂದು ಎಲ್ಲರೂ ಬಲ್ಲ ಮಾತ್ರೆ. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಷಿಂಡ್ಲರ್ ಅದನ್ನು 1953ರಲ್ಲಿ ತಯಾರಿಸಿದ. ಸ್ವೀಡನ್ನಿನ ಬ್ಲೂಮ್ 1962ರಲ್ಲಿ ಮುಖದ ನರದ ನೋವಿಗೆ ಅದು ಚೆನ್ನಾಗಿ ಹಿಡಿಯುತ್ತದೆಂದು ವರದಿ ಮಾಡಿದ. ಇಲ್ಲೊಂದು ತಮಾಷೆ ಇದೆ. ಅಮೆರಿಕದಲ್ಲಿ ಈ ಮಾತ್ರೆಗೆ 1968ರಲ್ಲಿ ಅನುಮತಿ ಸಿಕ್ಕಿದ್ದು ಮುಖದ ನೋವಿಗೆ, ಮೂರ್ಛೆರೋಗಕ್ಕೆ ಸಿಕ್ಕಿದ್ದು 1974ರಲ್ಲಿ! "ಇದು ಫಿಟ್ಸ್ ಮಾತ್ರೆಯಲ್ಲವೇ?" ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು. ಮೂರ್ಛೆಯಲ್ಲಿ ಮಿದುಳಿನ ಕೋಶಗಳು ಅಂಕೆ ತಪ್ಪಿ ಸಿಡಿಯುತ್ತವೆ, ನರದ ನೋವಿನಲ್ಲಿ ಕೆಟ್ಟ ನರ ಹಾಗೆಯೇ ಸಿಡಿಯುತ್ತದೆ. ಎರಡೂ ಕಡೆ ಸೋಡಿಯಂ ಒಳಬರುವ ದ್ವಾರಗಳನ್ನು ಈ ಔಷಧಿ ಬಿಗಿಹಿಡಿಯುತ್ತದೆ.

ನಮ್ಮವರು ಇದರ ಬಗ್ಗೆ ಇನ್ನೊಂದು ವಿಷಯ ತಿಳಿದಿರಬೇಕು. ಕೆಲವರಿಗೆ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿದು ಪ್ರಾಣಕ್ಕೇ ಬರುವ ಪ್ರತಿಕ್ರಿಯೆ ಆಗುತ್ತದೆ. ಎಚ್‌ಎಲ್‌ಎ-ಬಿ 1502 ಎಂಬ ಒಂದು ವಂಶವಾಹಿ ಗುರುತು ಇರುವವರಲ್ಲಿ ಈ ಅಪಾಯ ಹೆಚ್ಚೆಂದು 2004ರಲ್ಲಿ ತೈವಾನಿನ ವೈದ್ಯರು ಕಂಡುಹಿಡಿದರು. 2007ರಲ್ಲಿ ಅಮೆರಿಕದ ಎಫ್‌ಡಿಎ, ಏಷ್ಯಾ ಮೂಲದವರಿಗೆ ಮಾತ್ರೆ ಶುರು ಮಾಡುವ ಮೊದಲು ರಕ್ತಪರೀಕ್ಷೆ ಮಾಡಬೇಕೆಂದು ಎಚ್ಚರಿಸಿತು. ಭಾರತೀಯರಲ್ಲಿ ನೂರಕ್ಕೆ 2ರಿಂದ 4 ಜನರಲ್ಲಿ ಈ ಗುರುತಿದೆ ಎಂದು ಆ ಎಚ್ಚರಿಕೆಯಲ್ಲೇ ಇದೆ. ನಿಮ್ಮ ವೈದ್ಯರು ಮರೆತರೆ ನೀವೇ ಕೇಳಿ.

ಎರಡನೆಯ ದಾರಿ ಮನೋರೋಗದ ಆಸ್ಪತ್ರೆಯಿಂದ ಬಂತು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1950ರ ದಶಕದಲ್ಲಿ ಇಮಿಪ್ರಮಿನ್ ಎಂಬುದನ್ನು ಸ್ಕಿಜೋಫ್ರೇನಿಯಾಕ್ಕೆಂದು ಕೊಟ್ಟು ನೋಡಿದ. ಅದಕ್ಕೆ ಪ್ರಯೋಜನವಾಗಲಿಲ್ಲ, ಖಿನ್ನತೆಗೆ ಆಯಿತು. 1960ರಲ್ಲೇ ಫ್ರಾನ್ಸಿನಲ್ಲಿ ಅದನ್ನು ನೋವಿಗೂ ಬಳಸಿದರು. 1961ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಮಿಟ್ರಿಪ್ಟಿಲಿನ್ ಅದರ ತಮ್ಮನಿದ್ದಂತೆ. 1982ರಲ್ಲಿ ಟೊರಾಂಟೊದ ವಾಟ್ಸನ್ ಮತ್ತು ಸಂಗಡಿಗರು ಸರ್ಪಸುತ್ತಿನ ನಂತರದ ನೋವಿಗೆ ಅದನ್ನು ಬರೀ ಮಾತ್ರೆಯ ಎದುರು ಹೋಲಿಸಿ ನೋಡಿದರು. ಬಹಳ ಜನರಿಗೆ ನೋವು ಇಳಿಯಿತು.

ಆಗ ಎದ್ದ ಪ್ರಶ್ನೆ ನಮ್ಮ ಹಿರಿಯರದೇ ಪ್ರಶ್ನೆ. ಮನಸ್ಸು ಸರಿಹೋದದ್ದರಿಂದ ನೋವು ಕಡಿಮೆಯೆನ್ನಿಸಿತೇ, ಅಥವಾ ನೋವೇ ಕಡಿಮೆಯಾಯಿತೇ? 1987ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್ ಮ್ಯಾಕ್ಸ್ ಸಕ್ಕರೆ ಕಾಯಿಲೆಯವರ ಮೇಲೆ ಪರೀಕ್ಷಿಸಿದಾಗ ಖಿನ್ನತೆ ಇದ್ದವರಿಗೂ ಇಲ್ಲದವರಿಗೂ ನೋವು ಇಳಿಯಿತು. 1992ರಲ್ಲಿ ಅದೇ ತಂಡ ಫ್ಲುಆಕ್ಸೆಟಿನ್, ಅಂದರೆ ಹೆಸರಾದ ಪ್ರೋಜಾಕ್, ಕೊಟ್ಟು ನೋಡಿತು. ಖಿನ್ನತೆಗೆ ಅದು ಒಳ್ಳೆಯ ಮಾತ್ರೆ. ನರದ ನೋವಿಗೆ ಬರೀ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಮನಸ್ಸನ್ನು ಎತ್ತುವುದೇ ಕಾರಣವಾಗಿದ್ದರೆ ಪ್ರೋಜಾಕ್ ಕೂಡ ಕೆಲಸ ಮಾಡಬೇಕಿತ್ತು. ಇದಕ್ಕೆ ವಿವರಣೆ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ವಾದದ ಹಾದಿಯಲ್ಲಿದೆ: ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ, ಮಿದುಳು ಮೇಲಿನಿಂದಲೇ ಅದನ್ನು ಸ್ವಲ್ಪ ಮುಚ್ಚಬಲ್ಲದು. ಹಾಗೆ ಮುಚ್ಚಲು ಅದು ಬಳಸುವ ರಾಸಾಯನಿಕಗಳಲ್ಲಿ ನಾರ್‌ಎಪಿನೆಫ್ರಿನ್ ಮುಖ್ಯ. ಅಮಿಟ್ರಿಪ್ಟಿಲಿನ್ ಅದನ್ನು ಹೆಚ್ಚಿಸುತ್ತದೆ. ನೋವಿಗೆ ರಾತ್ರಿ ಶುರುಮಾಡುವುದು 10 ಅಥವಾ 25 ಮಿಲಿಗ್ರಾಂ ಮಾತ್ರ, ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ. ಅಪ್ಪನಿಗೆ ತಲೆ ಕೆಟ್ಟಿಲ್ಲ. ಆದರೆ ಪ್ರಾಸ್ಟೇಟ್ ತೊಂದರೆ, ಹೃದಯದ ಬಡಿತದ ತೊಂದರೆ, ಗ್ಲಾಕೋಮಾ ಇದ್ದರೆ ವೈದ್ಯರಿಗೆ ಹೇಳಲೇಬೇಕು. ಬಾಯಿ ಒಣಗುವುದು, ಮಲಬದ್ಧತೆ, ರಾತ್ರಿ ಎದ್ದಾಗ ತೂರಾಡುವುದು ವಯಸ್ಸಾದವರಲ್ಲಿ ಹೆಚ್ಚು.

ಸರ್ಪಸುತ್ತಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ಊರಿನಲ್ಲಿ ಕಾವಿ ಕಲಸಿ ಗುಳ್ಳೆಗಳ ಸುತ್ತ ಹಚ್ಚುವುದನ್ನು, ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂದು ಹೆದರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ಕೂಡುವುದೂ ಇಲ್ಲ, ಕಾವಿಯಿಂದ ನರಕ್ಕೆ ಏನೂ ಆಗುವುದೂ ಇಲ್ಲ. 50 ದಾಟಿದವರಿಗೆ 2017ರಲ್ಲಿ ಇಲ್ಲಿ ಅನುಮತಿ ಪಡೆದ ಎರಡು ಡೋಸಿನ ಲಸಿಕೆಯೊಂದಿದೆ. ಈ ಲೇಖನದ ಯಾವ ಮಾತ್ರೆಗಿಂತ ಅದು ಮೇಲು, ಏಕೆಂದರೆ ನೋವೇ ಬರದ ಹಾಗೆ ನೋಡುತ್ತದೆ.

ನಾವು ಎಂಬಿಬಿಎಸ್ ಓದುವ ಕಾಲಕ್ಕೆ ಊರಿನಲ್ಲಿ ಜೋಮು ಎಂದವರಿಗೆಲ್ಲ ಕೆಂಪು ಬಣ್ಣದ ಬಿ-ವಿಟಮಿನ್ ಇಂಜೆಕ್ಷನ್ನೇ ಗತಿ. ಬಿ-12 ಕೊರತೆ ಇದ್ದವರಿಗೆ ಅದು ಸರಿಯಾದ ಚಿಕಿತ್ಸೆ. ಸಸ್ಯಾಹಾರಿಗಳಲ್ಲಿಯೂ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿಯೂ ಈ ಕೊರತೆ ಸಾಮಾನ್ಯವಾದ್ದರಿಂದ ಒಮ್ಮೆ ರಕ್ತ ಪರೀಕ್ಷಿಸುವುದು ಲೇಸು. ಕೊರತೆಯಿಲ್ಲದ ನೋವಿಗೆ ಅದನ್ನೇ ನಂಬಿ ಕೂರುವುದು ಬೇಡ.

ಇನ್ನು ಗಾಬಾಪೆಂಟಿನ್. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕವನ್ನು ಅನುಕರಿಸಲೆಂದು ಜರ್ಮನಿಯಲ್ಲಿ ತಯಾರಾದದ್ದು. ಹೆಸರೂ ಹಾಗೇ ಬಂತು. ಆಮೇಲೆ ನೋಡಿದರೆ ಅದು ಗಾಬಾದ ಬೀಗಕ್ಕೆ ಹೊಂದುವ ಕೀಲಿಯೇ ಅಲ್ಲ! ಕ್ಯಾಲ್ಸಿಯಂ ದ್ವಾರದ ಒಂದು ಭಾಗಕ್ಕೆ ಅಂಟುತ್ತದೆಂದು 1996ರಲ್ಲಿ ಗೊತ್ತಾಯಿತು. 1993ರ ಕೊನೆಯಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆ ಅನುಮತಿ, 1998ರಲ್ಲಿ ಸಕ್ಕರೆ ಕಾಯಿಲೆಯ ನೋವು ಮತ್ತು ಸರ್ಪಸುತ್ತಿನ ನೋವಿನ ಮೇಲೆ ಎರಡು ಒಳ್ಳೆಯ ಅಧ್ಯಯನಗಳು, 2002ರಲ್ಲಿ ಸರ್ಪಸುತ್ತಿನ ನೋವಿಗೆ ಅನುಮತಿ. ಇಷ್ಟರ ನಡುವೆ ಕಂಪನಿ ಅನುಮತಿಯಿಲ್ಲದ ಹತ್ತಾರು ಕಾಯಿಲೆಗಳಿಗೂ ಇದನ್ನು ವೈದ್ಯರ ಮೂಲಕ ದೂಡುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದ ಡೇವಿಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ 1996ರಲ್ಲಿ ದಾವೆ ಹೂಡಿದ. 2004ರಲ್ಲಿ ವಾರ್ನರ್-ಲ್ಯಾಂಬರ್ಟ್ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆರಬೇಕಾಯಿತು. ಕೆಲವು ನೋವುಗಳಿಗೆ ನಿಜವಾಗಿ ಒಳ್ಳೆಯದಾದ ಔಷಧಿಗೆ ಎಲ್ಲಕ್ಕೂ ಮದ್ದೆಂಬ ಕೀರ್ತಿ ಅಂಟಿದ್ದು ಹೀಗೆ. ಯಾವ ಬೆನ್ನುನೋವಿಗೂ ಅದನ್ನೇ ಬರೆಯುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಈಗಲೂ ಹೋಗಿಲ್ಲ.

ಪ್ರಿಗಾಬಲಿನ್ ಅದರ ಸೋದರ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ಸಿಲ್ವರ್‌ಮನ್ ಅವರ ಪ್ರಯೋಗಾಲಯದಲ್ಲಿ ಮೂರ್ಛೆರೋಗದ ಔಷಧಿ ಹುಡುಕುವಾಗ ಸಿಕ್ಕಿದ್ದು. 2004ರ ಸೆಪ್ಟೆಂಬರ್‌ನಲ್ಲಿ ಡುಲಾಕ್ಸೆಟಿನ್, ಡಿಸೆಂಬರ್‌ನಲ್ಲಿ ಪ್ರಿಗಾಬಲಿನ್, ಹೀಗೆ ಸಕ್ಕರೆ ಕಾಯಿಲೆಯ ನರದ ನೋವಿಗೆ ಅಮೆರಿಕದಲ್ಲಿ ಅಧಿಕೃತ ಮಾತ್ರೆಗಳು ಬಂದವು. ಮೊದಲನೆಯದು ಖಿನ್ನತೆಯ ಮಾತ್ರೆ, ಎರಡನೆಯದು ಮೂರ್ಛೆಯ ಕಡೆಯದು. ಪ್ರಿಗಾಬಲಿನ್ ಅಮೆರಿಕದಲ್ಲಿ 2005ರಿಂದ ಕಾನೂನಿನ ಹತೋಟಿಯಲ್ಲಿರುವ ಔಷಧಿ. ತಂದೆತಾಯಿ ತರುವಾಗ ವೈದ್ಯರ ಚೀಟಿಯೂ ಜೊತೆಗಿರಲಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಎರಡರ ಪ್ರಮಾಣವೂ ಕಡಿಮೆಯಾಗಬೇಕು, ನಿಲ್ಲಿಸುವುದಾದರೆ ಒಮ್ಮೆಲೇ ಅಲ್ಲ, ಇಳಿಸುತ್ತಾ ಬರಬೇಕು.

ಮಾರ್ಫಿನ್ನಿನ ಬಳಗ ಮತ್ತೆ ಬಂದದ್ದನ್ನೂ ಬಿಡುವ ಹಾಗಿಲ್ಲ. 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂತು. ಚಟ ಹಿಡಿಯುವುದು ಅಪರೂಪವೆಂದು ವೈದ್ಯರಿಗೆ ಹೇಳಿದರು. 2007ರಲ್ಲಿ ಅದರ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರುಗಳೇ ಹಾಳಾಗಿದ್ದವು. ಅದೇ ವರ್ಷಗಳಲ್ಲಿ ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಕ್ಯಾನ್ಸರಿನ ಕೊನೆಯ ದಿನಗಳಲ್ಲಿದ್ದವರಿಗೂ ಮಾರ್ಫಿನ್ ಸಿಗುವುದು ದುಸ್ತರವಾಗಿತ್ತು. 2014ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂತು. ಒಂದು ಕಡೆ ನೆರೆ, ಇನ್ನೊಂದು ಕಡೆ ಬರ.

ಯಾವ ಮಾತ್ರೆಯೂ ರಾಮಬಾಣವಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯ ಲೆಕ್ಕದಂತೆ, ಒಬ್ಬರಿಗೆ ನೋವು ಅರ್ಧದಷ್ಟು ಇಳಿಯಬೇಕಾದರೆ ಅಮಿಟ್ರಿಪ್ಟಿಲಿನ್ ಜಾತಿಯದನ್ನು ಸುಮಾರು ನಾಲ್ಕು ಜನರಿಗೆ, ಪ್ರಿಗಾಬಲಿನ್ ಆದರೆ ಸುಮಾರು ಎಂಟು ಜನರಿಗೆ ಕೊಡಬೇಕು. ಆದ್ದರಿಂದ ಒಂದು ಮಾತ್ರೆ ಹಿಡಿಯದಿದ್ದರೆ ವೈದ್ಯರು ಇನ್ನೊಂದಕ್ಕೆ ಬದಲಾಯಿಸುವುದು ಅವರಿಗೆ ತಿಳಿಯದೆ ಅಲ್ಲ. ಕಡಿಮೆಯಿಂದ ಶುರುಮಾಡಿ, ಮೆಲ್ಲಗೆ ಏರಿಸಿ, ಕೆಲವು ವಾರ ಕಾಯಬೇಕಾಗುತ್ತದೆ.

ನಮ್ಮ ಅಡುಗೆಮನೆಯ ನಂಟೂ ಒಂದಿದೆ. ಮೆಣಸಿನಕಾಯಿಯ ಖಾರಕ್ಕೆ 1876ರಲ್ಲಿ ಥ್ರೆಶ್ ಎಂಬಾತ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. ಅದು ನೋವಿನ ನರವನ್ನು ಮೊದಲು ಕೆರಳಿಸಿ ಆಮೇಲೆ ಮಂಕಾಗಿಸುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಆ ಖಾರ ತಗಲುವ ನರದ ದ್ವಾರವನ್ನು ಗುರುತಿಸಿದರು; 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ನೂರಕ್ಕೆ ಎಂಟು ಪಾಲು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಸರ್ಪಸುತ್ತಿನ ನೋವಿಗೆ 2009ರಲ್ಲಿ, ಸಕ್ಕರೆ ಕಾಯಿಲೆಯ ಪಾದದ ನೋವಿಗೆ 2020ರಲ್ಲಿ ಅನುಮತಿ ಸಿಕ್ಕಿತು. ಅದನ್ನು ವೈದ್ಯರೇ ಹಚ್ಚುತ್ತಾರೆ. ದಯವಿಟ್ಟು ಯಾರೂ ಮನೆಯಲ್ಲಿ ಖಾರದಪುಡಿ ಕಲಸಿ ಅಜ್ಜಿಯ ಕಾಲಿಗೆ ಬಳಿಯಬೇಡಿ. ಬ್ಯಾಡಗಿಯದಾದರೂ ಸರಿ, ಬೇಡ.

ಮೊದಲಿನಿಂದಲೇ ನೋವಿನ ನರವನ್ನೇ ಗುರಿಯಾಗಿಟ್ಟು ತಯಾರಿಸಿದ ಮಾತ್ರೆ ತೀರ ಈಚಿನದು. ಸುಜೆಟ್ರಿಜಿನ್ ಎಂದು ಅದರ ಹೆಸರು. ನೋವು ಸಾಗಿಸುವ ನರಗಳಲ್ಲೇ ಹೆಚ್ಚಾಗಿರುವ ಒಂದು ಸೋಡಿಯಂ ದ್ವಾರವನ್ನು ಅದು ಮುಚ್ಚುತ್ತದೆ. 2025ರ ಜನವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೆ ಆ ಒಪ್ಪಿಗೆ ಶಸ್ತ್ರಚಿಕಿತ್ಸೆಯ ನಂತರದಂಥ, ಕೆಲವು ದಿನಗಳಲ್ಲಿ ಇಳಿಯುವ ನೋವಿಗೆ ಮಾತ್ರ. ಅಂಗಾಲಿನ ಉರಿಗೆ ಅಲ್ಲ.