ವೃಷ್ಟಿಮಾಪನದಲ್ಲಿ ಲೋಕಸಹಾಯ: ಸೈಮನ್ಸನ ಉದ್ಯಮದ ಚರಿತ್ರೆ

ಮಳೆಯನ್ನು ಅಳೆದು ಲೆಕ್ಕವಿಡುವ ಪದ್ಧತಿಯು ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಕೋಷ್ಠಾಗಾರದಲ್ಲಿ ಒಂದು ಅರತ್ನಿ ಅಗಲದ ಬಾಯಿಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇರಿಸತಕ್ಕದ್ದೆಂಬ ವಿಧಿಯುಂಟು. ಅದೇ ಅಧಿಕರಣದ ಸೀತಾಧ್ಯಕ್ಷ ಪ್ರಕರಣದಲ್ಲಿ ಜಾಂಗಲ ದೇಶಗಳಿಗೆ ೧೬ ದ್ರೋಣ, ಆನೂಪ ದೇಶಗಳಿಗೆ ಅದರ ಒಂದೂವರೆಯಷ್ಟು ಎಂದು ಮಳೆಯ ಪ್ರಮಾಣಗಳನ್ನೂ ಹೇಳಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಮುದ್ರಿಸಿದ ಮೇಲೆ ಈ ಸಂಗತಿಗಳು ವಿದ್ವಲ್ಲೋಕಕ್ಕೆ ವಿದಿತವಾದುವು. ಕೊರಿಯಾ ದೇಶದಲ್ಲಿ ಸೆಜೊಂಗ್ ಅರಸನ ಆಳ್ವಿಕೆಯಲ್ಲಿ, ೧೪೪೧ರ ಸುಮಾರಿಗೆ, ಮಳೆಯನ್ನಳೆಯುವ ಪಾತ್ರೆಯನ್ನು ನಿರ್ಮಿಸಿ ಅದನ್ನು ಪ್ರಾಂತಗಳಲ್ಲಿಯೂ ಬಳಕೆಗೆ ತಂದರು. ಈ ಎರಡು ಕಡೆಗಳಲ್ಲಿಯೂ ಅಳತೆಯ ಹಿಂದೆ ನಿಂತಿದ್ದುದು ರಾಜಾಜ್ಞೆ. ಅಳೆಯುವವನು ಅರಸನ ಸೇವಕನಾಗಿದ್ದನು.

ಆದರೆ ಅರಸನ ಆಜ್ಞೆಯಾಗಲಿ ಸಂಬಳದ ಆಸೆಯಾಗಲಿ ಇಲ್ಲದೆ, ಸಾವಿರಾರು ಗೃಹಸ್ಥರು ತಮ್ಮ ತಮ್ಮ ಅಂಗಳಗಳಲ್ಲಿ ದಿನದಿನವೂ ಮಳೆಯನ್ನಳೆದು, ಆ ಲೆಕ್ಕವನ್ನು ಒಂದೆಡೆಗೆ ಒಪ್ಪಿಸಿ, ಒಂದು ಶಾಸ್ತ್ರಕ್ಕೆ ಆಧಾರವಾದ ಸಂಗತಿಯೂ ಚರಿತ್ರೆಯಲ್ಲಿ ಉಂಟು. ಅದು ನಡೆದುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅದನ್ನು ನಡೆಸಿದವನು ಜಾರ್ಜ್ ಜೇಮ್ಸ್ ಸೈಮನ್ಸ್. ಸಾಮಾನ್ಯ ಜನರು ಶಾಸ್ತ್ರಕಾರ್ಯದಲ್ಲಿ ಹೀಗೆ ಕೈಗೂಡಿಸುವುದನ್ನು ‘ಪೌರವಿಜ್ಞಾನ’ವೆಂಬ ಅರ್ಥದ ಹೆಸರಿನಿಂದ ಕರೆಯುವ ರೂಢಿಯು ೧೯೯೦ರ ದಶಕದಿಂದೀಚೆಗೆ ಬಲವಾಯಿತು. ಕಾರ್ಯವಾದರೋ ಹೆಸರಿಗಿಂತ ಬಹಳ ಹಿಂದಿನದು. ಜನರ ಉತ್ಸಾಹವು ಎಲ್ಲ ಕಾಲದಲ್ಲಿಯೂ ಇರತಕ್ಕುದೇ. ಅದು ಯಾವಾಗ ಶಾಸ್ತ್ರವಾಗಿ ಪರಿಣಮಿಸುತ್ತದೆ, ಯಾವಾಗ ದಿನಚರಿಯ ಹಾಳೆಗಳಲ್ಲಿಯೇ ಅಳಿದುಹೋಗುತ್ತದೆ ಎಂಬ ಪ್ರಶ್ನೆಗೆ ಸೈಮನ್ಸನ ಉದ್ಯಮದ ವೃತ್ತಾಂತವು ಉತ್ತರವನ್ನು ಕೊಡುವಂತಿದೆ.

ಇಂಗ್ಲೆಂಡಿನಲ್ಲಿ ಕ್ರಮವಾಗಿ ಮಳೆಯ ಲೆಕ್ಕವಿಟ್ಟವರಲ್ಲಿ ಲ್ಯಾಂಕಷೈರ್ ಪ್ರಾಂತದ ರಿಚರ್ಡ್ ಟೌನ್ಲಿಯು ಮೊದಲಿಗನೆಂದು ಎಣಿಸಲ್ಪಟ್ಟಿದ್ದಾನೆ. ಆತನ ಲೆಕ್ಕವು ೧೬೭೭ರಲ್ಲಿ ಮೊದಲಾಯಿತು. ಅನಂತರ ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಪಾದ್ರಿಗಳೂ ವೈದ್ಯರೂ ಜಮೀನುದಾರರೂ ಅಲ್ಲಲ್ಲಿ ಇಂತಹ ಲೆಕ್ಕಗಳನ್ನು ಬರೆದಿಟ್ಟರು. ಆದರೆ ಒಬ್ಬನ ಪಾತ್ರೆ ನೆಲದ ಮೇಲೆ, ಇನ್ನೊಬ್ಬನದು ಮಾಳಿಗೆಯ ಮೇಲೆ. ಒಬ್ಬನು ನೋಡುವುದು ಬೆಳಗ್ಗೆ, ಇನ್ನೊಬ್ಬನು ನೋಡುವುದು ತಿಂಗಳಿಗೊಮ್ಮೆ. ಹೀಗಿದ್ದುದರಿಂದ ಒಬ್ಬನ ಲೆಕ್ಕವು ಮತ್ತೊಬ್ಬನ ಲೆಕ್ಕದೊಡನೆ ಹೊಂದುತ್ತಿರಲಿಲ್ಲ. ಈ ಭೇದವು ಅಲ್ಪವಾದುದೆಂದು ಭಾವಿಸಲಾಗದು. ವಿಲಿಯಮ್ ಹೆಬರ್ಡನ್ ಎಂಬ ವೈದ್ಯನು ೧೭೬೬–೬೭ರಲ್ಲಿ ಲಂಡನ್ನಿನಲ್ಲಿ ಮೂರು ಮಾಪಕಗಳನ್ನು ಇರಿಸಿ ಪರೀಕ್ಷಿಸಿದನು. ಒಂದು ವರ್ಷದಲ್ಲಿ ನೆಲದ ಬಳಿಯ ಮಾಪಕದಲ್ಲಿ ಸುಮಾರು ೨೨.೬ ಅಂಗುಲ, ಮನೆಯ ಮಾಡಿನ ಮೇಲೆ ೧೮.೧ ಅಂಗುಲ, ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಗೋಪುರದ ಮೇಲೆ ೧೨.೧ ಅಂಗುಲ ಮಳೆ ದೊರೆಯಿತು. ಒಂದೇ ನಗರದ ಒಂದೇ ಮಳೆಯು ಮೂರು ಲೆಕ್ಕಗಳನ್ನು ಕೊಟ್ಟಿತು! ಎತ್ತರದಲ್ಲಿ ಗಾಳಿಯ ವೇಗವು ಹೆಚ್ಚಾಗಿರುವುದರಿಂದ ಹನಿಗಳು ಮಾಪಕದ ಬಾಯಿಯನ್ನು ತಪ್ಪಿ ಆಚೆಗೆ ಹೋಗುತ್ತವೆಂಬ ಕಾರಣವನ್ನು ಸ್ಪಷ್ಟಪಡಿಸಿದವನು ವಿಲಿಯಮ್ ಸ್ಟಾನ್ಲಿ ಜೆವನ್ಸ್, ಅದು ೧೮೬೧ರಲ್ಲಿ. ಆತನು ಮುಂದೆ ಅರ್ಥಶಾಸ್ತ್ರಜ್ಞನೆಂದು ಪ್ರಸಿದ್ಧನಾದನು.

ಇಂತಹ ಸ್ಥಿತಿಯಲ್ಲಿ ಸೈಮನ್ಸನು ಕಾರ್ಯಕ್ಕೆ ತೊಡಗಿದನು. ಆತನು ೧೮೩೮ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ೧೮೫೪ರಿಂದ ೧೮೫೮ರವರೆಗೆ ಇಂಗ್ಲೆಂಡಿನಲ್ಲಿ ಮಳೆಯು ಕಡಮೆಯಾಗಿ, ನೀರಿನ ಚಿಂತೆಯು ತಲೆದೋರಿದ್ದಿತು. ಬೆಳೆಯುತ್ತಿದ್ದ ನಗರಗಳಿಗೆ ಜಲಾಶಯಗಳನ್ನು ಕಟ್ಟಬೇಕಾಗಿದ್ದ ಎಂಜಿನಿಯರರಿಗೆ, ಯಾವ ಕಣಿವೆಯಲ್ಲಿ ಎಷ್ಟು ಮಳೆಯಾಗುವುದೆಂಬುದು ಅತ್ಯವಶ್ಯವಾಗಿ ತಿಳಿಯಬೇಕಾದ ವಿಷಯವಾಗಿದ್ದಿತು. ಸೈಮನ್ಸನು ೧೮೬೦ರಲ್ಲಿ ಬೋರ್ಡ್ ಆಫ್ ಟ್ರೇಡ್ ಎಂಬ ಸರಕಾರೀ ಇಲಾಖೆಯ ಹವಾಮಾನ ಶಾಖೆಯಲ್ಲಿ ಫಿಟ್ಸ್‌ರಾಯ್ ಎಂಬ ನೌಕಾಧಿಪತಿಯ ಕೈಕೆಳಗೆ ಕೆಲಸಕ್ಕೆ ಸೇರಿದನು. ಅದೇ ವರ್ಷದ ಮಳೆಯನ್ನು ಕುರಿತು ಆತನು ಪ್ರಕಟಿಸಿದ ಮೊದಲನೆಯ ಪಟ್ಟಿಯಲ್ಲಿ ೧೬೮ ಸ್ಥಳಗಳ ಲೆಕ್ಕವಿದ್ದಿತು. ೧೮೬೩ರಲ್ಲಿ ಸರಕಾರದ ಉದ್ಯೋಗವು ಮುಗಿದ ಬಳಿಕ ಆತನ ಜೀವಿತವೆಲ್ಲ ಈ ಒಂದು ಕಾರ್ಯಕ್ಕೆ ಮೀಸಲಾಯಿತು. ಕ್ಯಾಮ್ಡನ್ ಸ್ಕ್ವೇರಿನಲ್ಲಿದ್ದ ಆತನ ಮನೆಯೇ ಕಚೇರಿಯಾಯಿತು. ಮನೆಯ ಹಿಂದಣ ತೋಟವೇ ಪರೀಕ್ಷಾಶಾಲೆಯಾಯಿತು. ೧೯೦೦ನೆಯ ಮಾರ್ಚಿಯಲ್ಲಿ ಆತನು ಮರಣ ಹೊಂದುವ ವೇಳೆಗೆ ಮಳೆಯ ಲೆಕ್ಕವನ್ನು ಕಳುಹಿಸುತ್ತಿದ್ದ ಸ್ಥಳಗಳು ೩,೦೦೦ವನ್ನು ಮೀರಿದ್ದುವು.

ಈ ವೃದ್ಧಿಯು ಹೇಗೆ ಸಾಧ್ಯವಾಯಿತು? ಆತನ ಪದ್ಧತಿಯನ್ನು ಪರಿಶೀಲಿಸಿದರೆ ಮೂರು ಅಂಗಗಳು ತೋರಿಬರುತ್ತವೆ. ಮೊದಲನೆಯದು ಪ್ರಾರ್ಥನೆ. ಪತ್ರಿಕೆಗಳ ಮೂಲಕವೂ ಸ್ವಂತ ಪತ್ರಗಳ ಮೂಲಕವೂ ಆತನು ಜನರನ್ನು ಕೇಳಿಕೊಂಡನು. ಹಳೆಯ ಲೆಕ್ಕವುಳ್ಳವರು ಅದನ್ನು ಕೊಡಬೇಕು, ಹೊಸಬರು ಅಳೆಯಲು ತೊಡಗಬೇಕು ಎಂಬುದೇ ಆ ಕೋರಿಕೆ. ಎರಡನೆಯದು ನಿಯಮ. ಮಾಪಕದ ಬಾಯಿಯು ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು. ಮರಗಳಿಂದಲೂ ಗೋಡೆಗಳಿಂದಲೂ ದೂರವಿರಬೇಕು. ಬೆಳಗ್ಗೆ ೯ ಗಂಟೆಗೆ ಅಳೆದು ಹಿಂದಿನ ದಿನದ ತಾರೀಖಿನಲ್ಲಿ ಬರೆಯಬೇಕು. ಇವು ಶಾಲೆಯ ಬಾಲಕನೂ ಅನುಸರಿಸಬಹುದಾದ ನಿಯಮಗಳು. ಮೂರನೆಯದು ಪ್ರತ್ಯುಪಕಾರ. ಪ್ರತಿ ವರ್ಷವೂ ‘ಬ್ರಿಟಿಷ್ ರೇನ್‌ಫಾಲ್’ ಎಂಬ ಸಂಪುಟವು ಅಚ್ಚಾಗುತ್ತಿದ್ದಿತು. ಅದರಲ್ಲಿ ಸ್ಥಳದ ಹೆಸರಿನ ಪಕ್ಕದಲ್ಲಿ ಲೆಕ್ಕವನ್ನು ಕೊಟ್ಟವರ ಹೆಸರೂ ಇರುತ್ತಿದ್ದಿತು. ೧೮೬೬ರಿಂದ ಒಂದು ಮಾಸಪತ್ರಿಕೆಯೂ ಹೊರಟಿತು. ಹಳ್ಳಿಯ ಪಾದ್ರಿಯೊಬ್ಬನು ತನ್ನ ಅಂಗಳದ ಮಳೆಯನ್ನು ನೆರೆಯ ಊರಿನ ಮಳೆಯೊಡನೆ, ಇಡೀ ದೇಶದ ಮಳೆಯೊಡನೆ ಹೋಲಿಸಿ ನೋಡಲು ಅದರಿಂದ ಸಾಧ್ಯವಾಯಿತು. ಕೊಟ್ಟುದು ಹನಿ, ಹಿಂದಕ್ಕೆ ಬಂದುದು ಹಳ್ಳ. ಈ ಮೂರನೆಯ ಅಂಗವೇ ಉದ್ಯಮದ ಪ್ರಾಣವೆಂದು ಹೇಳಬೇಕು. ಹಣದ ವಿಷಯದಲ್ಲಿ ಇದಕ್ಕೆ ಸಾಕ್ಷಿಯಿದೆ: ಅಳೆಯುವವರು ಕೂಲಿಯನ್ನು ಪಡೆಯಲಿಲ್ಲವೆಂಬುದು ಮಾತ್ರವಲ್ಲ, ಸಂಸ್ಥೆಯ ವೆಚ್ಚಕ್ಕೆ ತಾವೇ ಚಂದಾವನ್ನೂ ಕೊಡುತ್ತಿದ್ದರು.

ಶಾಸ್ತ್ರಾಭ್ಯಾಸವಿಲ್ಲದವರ ಲೆಕ್ಕವು ಪ್ರಮಾಣವಾಗಬಲ್ಲದೆ ಎಂಬ ಆಕ್ಷೇಪಕ್ಕೆ ಆ ಕಾಲದಲ್ಲಿ ದೊರೆತ ಸಮಾಧಾನವೂ ಗಮನಾರ್ಹವಾದುದು. ಸೈಮನ್ಸನು ಸಂದೇಹವನ್ನು ಅಲ್ಲಗಳೆಯಲಿಲ್ಲ. ಸಂದೇಹವನ್ನೇ ಜನರ ಕೈಗೆ ಕೊಟ್ಟನು. ವಿಲ್ಟ್‌ಷೈರಿನ ಕಾನ್ ಎಂಬ ಊರಿನಲ್ಲಿ ಕರ್ನಲ್ ವಾರ್ಡ್ ಎಂಬಾತನು ೧೮೬೦ರ ದಶಕದಲ್ಲಿ ನಾನಾ ಗಾತ್ರದ, ನಾನಾ ಎತ್ತರದ ಮಾಪಕಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದನು. ಈತನೂ ಶಾಸ್ತ್ರವನ್ನು ವೃತ್ತಿಯಾಗಿ ಹಿಡಿದವನಲ್ಲ. ಮಾಪಕದ ಬಾಯಿಯ ಅಗಲವು ಲೆಕ್ಕವನ್ನು ಹೆಚ್ಚಾಗಿ ಕೆಡಿಸುವುದಿಲ್ಲ, ಎತ್ತರವು ಕೆಡಿಸುತ್ತದೆ ಎಂದು ಇದರಿಂದ ನಿರ್ಣಯವಾಯಿತು. ಐದು ಅಂಗುಲದ ಅಗ್ಗದ ಮಾಪಕವೂ ಸಾಕೆಂದು ತಿಳಿದ ಮೇಲೆ ಸಾಮಾನ್ಯ ಸ್ಥಿತಿಯವರಿಗೂ ಬಾಗಿಲು ತೆರೆಯಿತು. ಹೀಗೆ ಅಳೆಯುವವರೇ ಅಳತೆಯನ್ನು ಶೋಧಿಸುವವರೂ ಆದರು.

ಆದರೂ ಈ ಉದ್ಯಮದಲ್ಲಿ ನ್ಯೂನತೆಗಳಿರಲಿಲ್ಲವೆಂದು ಹೇಳುವುದು ಸತ್ಯವಾಗದು. ವಿದ್ಯಾವಂತರೂ ಅನುಕೂಲಸ್ಥರೂ ವಾಸವಾಗಿದ್ದ ಕಡೆಗಳಲ್ಲಿ ಮಾಪಕಗಳು ದಟ್ಟವಾಗಿಯೂ, ಮಳೆಯು ಹೆಚ್ಚಾಗಿ ಬೀಳುವ ನಿರ್ಜನ ಪರ್ವತಗಳಲ್ಲಿ ವಿರಳವಾಗಿಯೂ ಇದ್ದುವು. ಚಂದಾ ಕೊಡಲಾರದ ಕೂಲಿಕಾರನ ಹೆಸರು ಸಂಪುಟಗಳಲ್ಲಿ ಕಾಣುವುದು ಅಪರೂಪ. ಸಿರಿವಂತರ ಮನೆಗಳಲ್ಲಿ ನಿಜವಾಗಿ ಅಳೆದವನು ತೋಟದ ಮಾಲಿಯಾದರೂ ಅಚ್ಚಾಗುತ್ತಿದ್ದುದು ಒಡೆಯನ ಹೆಸರಾಗಿರಬಹುದು. ಉತ್ಸಾಹವೇ ಕೆಲವೊಮ್ಮೆ ತೊಡಕಾಗುತ್ತಿದ್ದುದೂ ಉಂಟು. ನಾರ್ಫಕ್ ಪ್ರಾಂತದ ಲೇಡಿ ಬೇನಿಂಗ್ ಎಂಬಾಕೆಯು ೧೮೩೫ರಿಂದ ೧೮೮೭ರವರೆಗೆ ಮಳೆಯ ಲೆಕ್ಕವಿಟ್ಟಳು. ಲಂಡನ್ನಿಗೆ ಹೋಗಿ ನಿಲ್ಲುವಾಗ ಆಕೆಯು ಮಾಪಕವನ್ನೂ ಸಂಗಡ ಕೊಂಡೊಯ್ಯುತ್ತಿದ್ದಳು! ಆಕೆಯ ನಿಷ್ಠೆಯು ಶ್ಲಾಘ್ಯವೇ. ಆದರೆ ಯಾವ ತಿಂಗಳ ಮಳೆಯು ಯಾವ ಊರಿನದೆಂದು ಬೇರ್ಪಡಿಸಬೇಕಾದ ಭಾರವು ಲೆಕ್ಕವನ್ನು ಬಳಸುವವರ ಮೇಲೆ ಬೀಳುವುದು.

ಸೈಮನ್ಸನ ಅನಂತರ ಹ್ಯೂ ರಾಬರ್ಟ್ ಮಿಲ್ ಎಂಬ ಭೂಗೋಳಜ್ಞನು ೧೯೦೧ರಲ್ಲಿ ಸಂಸ್ಥೆಯ ನಿರ್ವಾಹಕನಾದನು. ೧೯೧೯ರಲ್ಲಿ ಅದು ಸರಕಾರದ ಹವಾಮಾನ ಇಲಾಖೆಗೆ ಸೇರಿತು. ಸ್ಥಳಸ್ಥಳಗಳ ತಿಂಗಳ ಮಳೆಯನ್ನು ಹತ್ತು ಹತ್ತು ವರ್ಷಗಳಿಗೆ ಒಂದೊಂದರಂತೆ ಬರೆದ ಹಾಳೆಗಳು ಆ ಇಲಾಖೆಯ ದಾಖಲೆಮನೆಯಲ್ಲಿ ಭದ್ರವಾಗಿದ್ದುವು. ಆದರೆ ಕೈಬರೆಹದ ಅಂಕಿಗಳನ್ನು ಗಣಕಯಂತ್ರಗಳು ನೆಚ್ಚುವಂತೆ ಓದಲಾರದೆ ಇದ್ದುದರಿಂದ ಅವುಗಳ ಬಹುಭಾಗವು ಗಣನೆಗೆ ಒದಗುತ್ತಿರಲಿಲ್ಲ. ೨೦೨೦ನೆಯ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಜನರೆಲ್ಲ ಮನೆಗಳಲ್ಲಿಯೇ ಇರಬೇಕಾಗಿ ಬಂದಾಗ, ರೆಡಿಂಗ್ ವಿಶ್ವವಿದ್ಯಾನಿಲಯದ ಎಡ್ ಹಾಕಿನ್ಸ್ ಎಂಬ ಹವಾಮಾನ ವಿಜ್ಞಾನಿಯು ಈ ಹಾಳೆಗಳ ಚಿತ್ರಗಳನ್ನು ಜನರ ಮುಂದಿರಿಸಿ ನೆರವನ್ನು ಕೋರಿದನು. ಸುಮಾರು ೧೬,೦೦೦ ಮಂದಿ ಕೈಗೂಡಿಸಿದರು. ೧೬೭೭ರಿಂದ ೧೯೬೦ರವರೆಗಿನ ೬೫,೦೦೦ ಹಾಳೆಗಳಲ್ಲಿದ್ದ ೫೦ ಲಕ್ಷಕ್ಕೂ ಹೆಚ್ಚು ಅಂಕಿಗಳ ಪ್ರತಿಯು ೧೬ ದಿನಗಳಲ್ಲಿ ಸಿದ್ಧವಾಯಿತು. ಪ್ರತಿಯೊಂದು ಅಂಕಿಯನ್ನೂ ಒಬ್ಬರಿಗಿಂತ ಹೆಚ್ಚು ಜನರು ಓದಿ ಬರೆದುದರಿಂದ ಒಬ್ಬನ ತಪ್ಪು ಇನ್ನೊಬ್ಬನಿಂದ ತಿದ್ದಲ್ಪಟ್ಟಿತು. ೨೦೨೨ರಲ್ಲಿ ಪ್ರಕಟವಾದ ಶಾಸ್ತ್ರಲೇಖನದ ಕರ್ತೃಗಳ ಸಾಲಿನಲ್ಲಿ ಈ ಸ್ವಯಂಸೇವಕರಲ್ಲಿ ಕೆಲವರ ಹೆಸರೂ ಸೇರಿದುವು. ಸೈಮನ್ಸನ ಮೂರು ಅಂಗಗಳೂ, ಎಂದರೆ ಪ್ರಾರ್ಥನೆ, ನಿಯಮ, ಪ್ರತ್ಯುಪಕಾರಗಳು, ಇಲ್ಲಿ ಮತ್ತೆ ಕಾಣಬರುತ್ತವೆ.

ಫಲವು ಏನಾಯಿತೆಂಬುದನ್ನೂ ನೋಡಬೇಕು. ಹಿಂದೆ ೧೮೬೨ನೆಯ ವರ್ಷಕ್ಕೆ ೧೯ ಸ್ಥಳಗಳ ಲೆಕ್ಕವು ಮಾತ್ರ ಗಣನೆಗೆ ಒದಗುತ್ತಿದ್ದಿತು. ಈಗ ಅದೇ ವರ್ಷಕ್ಕೆ ೭೦೦ಕ್ಕೂ ಹೆಚ್ಚು ಸ್ಥಳಗಳ ಲೆಕ್ಕವು ದೊರೆಯಿತು. ಬ್ರಿಟನ್ನಿನ ಮಳೆಯ ಅಧಿಕೃತ ಚರಿತ್ರೆಯು ೧೮೬೨ಕ್ಕೆ ಬದಲಾಗಿ ೧೮೩೬ರಿಂದಲೇ ಆರಂಭವಾಗುವಂತಾಯಿತು. ಆ ದೀರ್ಘ ಸಾಲಿನಲ್ಲಿ ಅತ್ಯಂತ ಶುಷ್ಕವಾದ ವರ್ಷವು ೧೮೫೫ ಎಂದು ಗೊತ್ತಾಯಿತು. ಯುವಕನಾದ ಸೈಮನ್ಸನನ್ನು ಕಾರ್ಯಕ್ಕೆ ಪ್ರೇರಿಸಿದ ಅನಾವೃಷ್ಟಿಯ ವರ್ಷಗಳಲ್ಲಿ ಇದೂ ಒಂದು. ಅದು ಎಷ್ಟು ಘೋರವಾಗಿದ್ದಿತೆಂಬುದನ್ನು ಅವನ ಕಾಲದವರು ಅನುಭವಿಸಿದರು. ಅದರ ನಿಜವಾದ ಪ್ರಮಾಣವು ನಿಶ್ಚಿತವಾಗಲು ೧೬೦ಕ್ಕೂ ಹೆಚ್ಚು ವರ್ಷಗಳೂ ಎರಡು ತಲೆಮಾರುಗಳ ಅಪರಿಚಿತ ಜನರ ಸಹಾಯವೂ ಬೇಕಾದುವು. ಮುಂದೆ ಬರಬಹುದಾದ ಬರಗಾಲಗಳಿಗೆ ಜಲಾಶಯಗಳು ಸಾಲುವುವೇ ಎಂದು ಗಣಿಸುವವರಿಗೆ ಇದು ಕೇವಲ ಕುತೂಹಲದ ಸಂಗತಿಯಲ್ಲ.

ಕನ್ನಡ ನಾಡಿನ ವಿದ್ವಾಂಸರು ಈ ಚರಿತ್ರೆಯನ್ನು ದೂರದ ದೇಶದ ವೃತ್ತಾಂತವೆಂದು ಬದಿಗಿಡಬೇಕಾಗಿಲ್ಲ. ಈ ನಾಡಿನಲ್ಲಿ ಮಳೆಯ ಅಧಿಕೃತ ಲೆಕ್ಕವು ಬಹುಕಾಲ ತಾಲ್ಲೂಕು ಕಚೇರಿಗಳ ನೌಕರರ ಕೈಯಲ್ಲಿದ್ದಿತು, ಎಂದರೆ ಕೌಟಿಲ್ಯನ ಪದ್ಧತಿಯಲ್ಲಿಯೇ ನಡೆಯಿತು. ಆದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿತೋಟಗಳಲ್ಲಿ ಇನ್ನೊಂದು ಸಂಪ್ರದಾಯವೂ ಬೆಳೆದುಬಂದಿದೆ. ಹೂಮಳೆಯು ಎಂದು ಬಂದಿತು, ಎಷ್ಟು ಇಂಚು, ಎಷ್ಟು ಸೆಂಟು ಬಿದ್ದಿತು ಎಂಬುದನ್ನು ತೋಟದ ಒಡೆಯರು ಯಾರ ಆಜ್ಞೆಯೂ ಇಲ್ಲದೆ ಮನೆಯ ಪುಸ್ತಕಗಳಲ್ಲಿ ಬರೆದಿಡುತ್ತಾರೆ. ತಂದೆಯ ಬರೆವಣಿಗೆಯನ್ನು ಮಗನು ಮುಂದುವರಿಸಿದ ಮನೆಗಳೂ ಉಂಟು. ಟೌನ್ಲಿಯಿಂದ ಸೈಮನ್ಸನವರೆಗಿನ ಇಂಗ್ಲೆಂಡಿನ ಸ್ಥಿತಿಯು ಇದನ್ನೇ ಹೋಲುತ್ತಿದ್ದಿತು: ಅಳೆಯುವವರು ಹಲವರು, ಕೇಳುವವರು ವಿರಳ. ಇಪ್ಪತ್ತೊಂದನೆಯ ಶತಮಾನದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾವಾಗಿಯೇ ಲೆಕ್ಕವನ್ನು ಕಳುಹಿಸುವ ಮಾಪಕಗಳು ಕರ್ನಾಟಕದಲ್ಲಿ ಸ್ಥಾಪಿತವಾಗಿವೆ. ಅವು ನಾಳೆಯ ಮಳೆಯನ್ನು ಅಳೆಯಬಲ್ಲುವು. ಕಳೆದುಹೋದ ಮಳೆಯನ್ನು ಯಾವ ಯಂತ್ರವೂ ಅಳೆಯಲಾರದು. ಅದು ಉಳಿದಿರುವುದು ಆ ಪುಸ್ತಕಗಳಲ್ಲಿ ಮಾತ್ರ. ಅವುಗಳಿಗೆ ಗೆದ್ದಲು ಹಿಡಿಯುವ ಮುನ್ನ ಯಾರಾದರೂ ಹೋಗಿ ಕೇಳಬೇಕು. ಒಂದೇ ಕ್ರಮದಲ್ಲಿ ಪ್ರತಿಮಾಡಿಸಬೇಕು. ಕೊಟ್ಟವರ ಹೆಸರಿನೊಡನೆ ಅಚ್ಚುಹಾಕಿಸಿ ಅವರ ಕೈಗೇ ಹಿಂದಿರುಗಿಸಬೇಕು. ಸೈಮನ್ಸನು ಮಾಡಿದುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ.