ಮನೆಯೊಳಗಿನ ಹಿಂಸೆ: ಕಾನೂನಿನಲ್ಲಿರುವ ಎರಡು ದಾರಿಗಳು

ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಗಳು ಪೊಲೀಸ್ ಠಾಣೆಗೆ ಹೋಗುವ ಮೊದಲು ತವರಿನವರಿಗೋ, ಚರ್ಚಿನ ಗುರುಗಳಿಗೋ, ಸಿಸ್ಟರ್‌ಗಳಿಗೋ ತನ್ನ ಕಷ್ಟ ಹೇಳಿಕೊಳ್ಳುವುದುಂಟು. 'ಹೊಂದಿಕೊಂಡು ಹೋಗಮ್ಮಾ' ಎಂದು ಆಕೆಯನ್ನು ಹಿಂದಕ್ಕೆ ಕಳುಹಿಸುವ ಮೊದಲು ಕಾನೂನು ಆಕೆಗೆ ಏನು ಕೊಟ್ಟಿದೆ ಎಂಬುದನ್ನು ನಾವು ತಿಳಿದಿರಬೇಕು. ದೂರು ಕೊಟ್ಟರೆ ಗಂಡ ಜೈಲಿಗೆ, ಸಂಸಾರ ಬೀದಿಗೆ ಎಂಬ ಭಯ ಅನೇಕರಲ್ಲಿದೆ. ವಾಸ್ತವದಲ್ಲಿ ದಾರಿಗಳು ಎರಡಿವೆ.

ಮೊದಲನೆಯದು: ಅಪರಾಧ ಕಾನೂನು

ಗಂಡ ಅಥವಾ ಆತನ ಸಂಬಂಧಿಕರ ಕ್ರೌರ್ಯವನ್ನು ಅಪರಾಧವೆಂದು ಸಾರಿದ 498ಎ ಕಲಂ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳು ಅದರ ಸ್ಥಾನದಲ್ಲಿವೆ. ಶಿಕ್ಷೆ 3 ವರ್ಷಗಳವರೆಗೆ ಜೈಲು ಮತ್ತು ದಂಡ. ಮೈಮೇಲಿನ ಗಾಯ ಮಾತ್ರವಲ್ಲ, ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿ ತರುವ ನಡತೆಯೂ, ವರದಕ್ಷಿಣೆಯ ಕಿರುಕುಳವೂ ಕ್ರೌರ್ಯವೇ. ಮದುವೆಯಾದ 7 ವರ್ಷಗಳೊಳಗಿನ ವರದಕ್ಷಿಣೆ ಸಾವಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ.

ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ತವರಿಗೆ ಬಂದು ಆಶ್ರಯ ಪಡೆದ ಮಹಿಳೆ ಅಲ್ಲಿಯೇ ದೂರು ಕೊಡಬಹುದೆಂದು 2019ರಲ್ಲಿ ತೀರ್ಪಿತ್ತಿದೆ. ಅಂದರೆ ಭಟ್ಕಳಕ್ಕೆ ಮದುವೆಯಾಗಿ ಹೋದವಳು ಹೊನ್ನಾವರದ ತವರಿನಿಂದಲೇ ದೂರು ನೀಡಬಹುದು.

ಎರಡನೆಯದು: ಸಂರಕ್ಷಣೆಯ ಕಾನೂನು

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹೆಂಡತಿಗೆ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳಿದ ತಾಯಿ, ಸಹೋದರಿ, ವಿಧವೆಯರಿಗೂ ಇದರ ರಕ್ಷಣೆಯಿದೆ. ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಇಲ್ಲಿ ದೌರ್ಜನ್ಯವೇ.

ಇಲ್ಲಿ ಮೊದಲ ಹೆಜ್ಜೆ ಜೈಲಲ್ಲ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ ವಾಸಿಸುವ ಹಕ್ಕು ಆಕೆಗಿದೆ. ಸಂರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧವಾಗುತ್ತದೆ: 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ನಾವು ಮಾಡಬಹುದಾದದ್ದು

ಕ್ರೌರ್ಯದ ಪ್ರಕರಣದಲ್ಲಿ ಪೊಲೀಸರಿಗೆ ದೂರು ಕೊಡಬೇಕಾದವರು ನೊಂದ ಮಹಿಳೆ ಅಥವಾ ಆಕೆಯ ಸಂಬಂಧಿಕರು. ನಾವು ಜೊತೆಗೆ ಹೋಗಬಹುದು. ಆದರೆ 2005ರ ಕಾಯ್ದೆಯಡಿ ನೆರೆಯವರಾಗಲಿ, ಚರ್ಚಿನ ಕಾರ್ಯಕರ್ತರಾಗಲಿ, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದುದ್ದೇಶದಿಂದ ಹೇಳಿದವರ ಮೇಲೆ ಯಾವ ಹೊಣೆಯೂ ಬೀಳದೆಂದು 4ನೇ ಕಲಂ ಭರವಸೆ ಕೊಡುತ್ತದೆ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕುಗಳವರು ಅವರನ್ನು ಕಾಣಬಹುದು. ದಾರಿ ತಿಳಿಯದಿದ್ದರೆ ಊರಿನ ಅಂಗನವಾಡಿಯಲ್ಲಿ ಕೇಳಿದರಾಯಿತು. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ತಿಳಿಸುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಅದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ.

ರಾಜಿ ಮಾತುಕತೆಗೆ ನಾವು ವಿರೋಧಿಗಳಲ್ಲ. ಆದರೆ ಆಕೆ ಮತ್ತು ಮಕ್ಕಳು ಈ ರಾತ್ರಿ ಸುರಕ್ಷಿತರೇ ಎಂಬುದನ್ನು ಮೊದಲು ವಿಚಾರಿಸೋಣ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಈ ಮೂರು ಸಂಖ್ಯೆಗಳನ್ನು ಪ್ರತಿ ಚರ್ಚಿನ ಸೂಚನಾ ಫಲಕದಲ್ಲಿ ಬರೆದಿಡಬೇಕೆಂದು ವಿನಂತಿಸುತ್ತೇವೆ.