ಶಂಕಿಸಿಯೂ ಉಳಿದವರು: ಕ್ರೈಸ್ತ ಮೂಲಭೂತವಾದದ ವಿಮರ್ಶೆ ನಡೆದುಬಂದ ದಾರಿ

ಮೂಲಭೂತವಾದವನ್ನು ಪ್ರಶ್ನಿಸುವ ಕ್ರೈಸ್ತ ವಿಶ್ವಾಸಿಯ ಬಗ್ಗೆ ಈಚೆಗೆ ಒಂದೇ ಕಥೆ ಚಲಾವಣೆಯಲ್ಲಿದೆ. ಮೊದಲು ಆದಿಕಾಂಡದ ಆರು ದಿನಗಳ ಬಗ್ಗೆ ಅನುಮಾನ ಹುಟ್ಟುತ್ತದೆ, ಆಮೇಲೆ ನರಕದ ಬಗ್ಗೆ, ಆಮೇಲೆ ಪುನರುತ್ಥಾನದ ಬಗ್ಗೆ. ಕೊನೆಗೊಂದು ಭಾನುವಾರ ಆತ ಸಭೆಗೆ ಹೋಗುವುದನ್ನೇ ನಿಲ್ಲಿಸುತ್ತಾನೆ. ಕಟ್ಟಾ ಸಂಪ್ರದಾಯಸ್ಥರು ಈ ಕಥೆಯನ್ನು ಎಚ್ಚರಿಕೆಯಾಗಿ ಹೇಳುತ್ತಾರೆ, ನಾಸ್ತಿಕರು ಬಿಡುಗಡೆಯ ಕಥೆಯಾಗಿ ಹೇಳುತ್ತಾರೆ. ಇಬ್ಬರ ಮಾತಿನ ತಳದಲ್ಲೂ ಒಂದೇ ನಂಬಿಕೆಯಿದೆ: ಮೂಲಭೂತವಾದವೇ ಅಸಲಿ ಕ್ರೈಸ್ತಧರ್ಮ, ಉಳಿದದ್ದೆಲ್ಲ ಅದಕ್ಕೆ ನೀರು ಬೆರೆಸಿದ್ದು. ಕಳೆದ ಒಂದೂವರೆ ಶತಮಾನದ ಬರವಣಿಗೆಯನ್ನು ಸಾಲಾಗಿ ಇಟ್ಟು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಮೂಲಭೂತವಾದವನ್ನು ಬಹಳ ಆಳವಾಗಿ ಶಂಕಿಸಿದವರಲ್ಲಿ ಹಲವರು ಪ್ರಾರ್ಥನೆ ಬಿಡದೆ, ಸಭೆ ಬಿಡದೆ ಶಂಕಿಸಿದರು. ಹಿರಿಯರಿಂದ ಬಂದ ನಂಬಿಕೆ ಅವರ ಪಾಲಿಗೆ ಸ್ವಂತದ್ದಾದದ್ದೇ ಆ ಶಂಕೆಯ ಮೂಲಕ. ಈ ಪರಂಪರೆಯನ್ನು ನಾವು ಮರೆತಿರುವುದರಿಂದಲೇ ಸಂಶಯ ಬಂದ ಹುಡುಗನಿಗೆ ಬಾಯಿ ಮುಚ್ಚಿ ಒಪ್ಪಿಕೊ, ಇಲ್ಲವೇ ಹೊರಟುಹೋಗು ಎಂಬ ಎರಡೇ ದಾರಿ ಕಾಣುತ್ತಿವೆ.

ಹಳೆಯ ಹಂತಗಳನ್ನು ಬೇಗ ದಾಟಬಹುದು. ಯೋಬನ ಗ್ರಂಥವನ್ನೂ ಪ್ರಸಂಗಿಯನ್ನೂ ಒಳಗಿಟ್ಟುಕೊಂಡ ಸತ್ಯವೇದ ದೇವರನ್ನೇ ಪ್ರಶ್ನಿಸುವ ದನಿಗೆ ಮೊದಲಿನಿಂದಲೂ ಜಾಗ ಕೊಟ್ಟಿದೆ. ತೋಮನ ಸಂಶಯವನ್ನು ಯೋಹಾನನ ಸುವಾರ್ತೆ ಮುಚ್ಚಿಡಲಿಲ್ಲ. ಆದಿಕಾಂಡದ ಮೇಲೆ ವ್ಯಾಖ್ಯಾನ ಬರೆದ ಅಗಸ್ಟೀನ್, ಪ್ರಕೃತಿಯ ವಿಷಯದಲ್ಲಿ ಅರಿಯದೆ ಮಾತಾಡಿ ನಂಬಿಕೆಯನ್ನು ನಗೆಪಾಟಲು ಮಾಡಬೇಡಿ ಎಂದು ಕ್ರೈಸ್ತರನ್ನು ಐದನೆಯ ಶತಮಾನದಲ್ಲೇ ಎಚ್ಚರಿಸಿದ್ದ. 1799ರಲ್ಲಿ ಶ್ಲೈಯರ್‌ಮಾಖರ್ ಧರ್ಮದ ನೆಲೆಯನ್ನು ಸಿದ್ಧಾಂತದಿಂದ ಒಳ ಅನುಭವದ ಕಡೆಗೆ ತಿರುಗಿಸಿದ. 1835ರಲ್ಲಿ ಸ್ಟ್ರೌಸ್ ಯೇಸುವಿನ ಚರಿತ್ರೆಯನ್ನು ವಿಮರ್ಶೆಯ ಒರೆಗೆ ಹಚ್ಚಿದ. 1846ರಲ್ಲಿ ಕಿರ್ಕೆಗಾರ್ಡ್, ನಂಬಿಕೆಯೆಂಬುದು ಪುರಾವೆಗಳ ಮೊತ್ತವಲ್ಲ, ಒಬ್ಬ ವ್ಯಕ್ತಿ ತನ್ನ ಬಾಳನ್ನೇ ಪಣಕ್ಕಿಡುವ ನಿರ್ಧಾರ ಎಂದು ವಾದಿಸಿದ. ಇದೇ ಕಾಲದಲ್ಲಿ, 1834ರಲ್ಲಿ, ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. ಅವರು ತಂದದ್ದು ಮನಸ್ಸಿನ ಮಾರ್ಪಾಟಿಗೆ, ಸ್ವಂತ ಭಕ್ತಿಗೆ ಒತ್ತು ಕೊಡುವ ಜರ್ಮನ್ ಪಯಟಿಸಂ. ನಂಬಿಕೆ ಸ್ವಂತದ್ದಾಗಬೇಕು ಎಂಬ ಹಂಬಲ ಕರಾವಳಿಯ ಪ್ರಾಟೆಸ್ಟೆಂಟ್ ಸಭೆಗಳಿಗೆ ಹೊಸದಲ್ಲ, ಹುಟ್ಟಿನಿಂದಲೇ ಬಂದದ್ದು.

ಮೂಲಭೂತವಾದ ಇದಕ್ಕಿಂತ ಈಚಿನದು. 1881ರಲ್ಲಿ ಪ್ರಿನ್ಸ್‌ಟನ್ ಪರಂಪರೆಯ ಹಾಜ್ ಮತ್ತು ವಾರ್‌ಫೀಲ್ಡ್ ಸತ್ಯವೇದದ ನಿರ್ದೋಷತೆಯ, ಅಂದರೆ ಅದರಲ್ಲಿ ಯಾವ ತಪ್ಪೂ ಇಲ್ಲವೆಂಬ, ವಾದವನ್ನು ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು. 1910ರಲ್ಲಿ ಅಮೆರಿಕದ ಉತ್ತರ ಭಾಗದ ಪ್ರೆಸ್ಬಿಟೇರಿಯನ್ ಮಹಾಸಭೆ ಐದು ಅಂಶಗಳನ್ನು ಅವಶ್ಯವೆಂದು ಸಾರಿತು: ನಿರ್ದೋಷತೆ, ಕನ್ಯಾಜನನ, ಕ್ರಿಸ್ತನ ಪ್ರಾಯಶ್ಚಿತ್ತ, ದೇಹಸಹಿತ ಪುನರುತ್ಥಾನ, ಅದ್ಭುತಕಾರ್ಯಗಳು. 1910ರಿಂದ 1915ರವರೆಗೆ ಕ್ಯಾಲಿಫೋರ್ನಿಯಾದ ಎಣ್ಣೆ ವ್ಯಾಪಾರಿ ಲೈಮನ್ ಸ್ಟೂವರ್ಟ್‌ನ ಹಣದಿಂದ ‘ದಿ ಫಂಡಮೆಂಟಲ್ಸ್’ ಎಂಬ ಹನ್ನೆರಡು ಸಂಪುಟಗಳು ಬಂದವು. 90 ಲೇಖನಗಳ ಈ ಮಾಲೆಯ ಸುಮಾರು 30 ಲಕ್ಷ ಪ್ರತಿಗಳು ಉಚಿತವಾಗಿ ಹಂಚಿಕೆಯಾದವು. 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್ ‘ಫಂಡಮೆಂಟಲಿಸ್ಟ್’ ಎಂಬ ಪದವನ್ನು ಹೆಮ್ಮೆಯಿಂದಲೇ ಟಂಕಿಸಿದ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಸಂಪುಟಗಳಿಗೆ ಬರೆದ ಜೇಮ್ಸ್ ಆರ್ ಭೂಮಿಯ ದೀರ್ಘ ವಯಸ್ಸನ್ನು ಒಪ್ಪಿದ್ದ. 1925ರ ಜುಲೈಯಲ್ಲಿ ಟೆನೆಸಿಯ ಡೇಟನ್ನಿನಲ್ಲಿ ವಿಕಾಸವಾದದ ಪಾಠಕ್ಕಾಗಿ ಶಿಕ್ಷಕ ಸ್ಕೋಪ್ಸ್‌ನ ವಿಚಾರಣೆ ನಡೆದಾಗ, ಸತ್ಯವೇದದ ಪರವಾಗಿ ನಿಂತ ಬ್ರಯನ್ ಕೂಡ ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲವೆಂದು ಕಟಕಟೆಯಲ್ಲಿ ಒಪ್ಪಿಕೊಂಡ. ಸೃಷ್ಟಿಯಾಗಿ ಕೆಲವೇ ಸಾವಿರ ವರ್ಷಗಳಾದವು ಎಂಬ ಪಟ್ಟು ಮೂಲಭೂತವಾದಿಗಳ ನಡುವೆ ವ್ಯಾಪಕವಾಗಿ ಬೇರೂರಿದ್ದು 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಜಲಪ್ರಳಯದ ಕುರಿತು ಬರೆದ ಪುಸ್ತಕದ ನಂತರ. ಅನಾದಿಯೆಂದು ನಮಗೆ ಹೇಳಲಾಗುವ ಎಷ್ಟೋ ಮಾತುಗಳಿಗೆ ಇಷ್ಟೇ ವಯಸ್ಸು.

ಎದುರು ದನಿ ಆಗಲೇ ಎದ್ದಿತ್ತು. 1922ರಲ್ಲಿ ನ್ಯೂಯಾರ್ಕಿನ ಬೋಧಕ ಹ್ಯಾರಿ ಎಮರ್ಸನ್ ಫಾಸ್ಡಿಕ್, ಮೂಲಭೂತವಾದಿಗಳು ಗೆಲ್ಲುವರೇ ಎಂದು ಕೇಳುವ ಪ್ರಸಂಗ ಮಾಡಿದ. ವಿವಾದದಲ್ಲಿ ಆ ವೇದಿಕೆ ಬಿಡಬೇಕಾಯಿತು, ಸುವಾರ್ತೆ ಸಾರುವುದನ್ನು ಆತ ಬಿಡಲಿಲ್ಲ. 1947ರಲ್ಲಿ ಕಾರ್ಲ್ ಹೆನ್ರಿ ಮೂಲಭೂತವಾದದ ಮನೆಯೊಳಗಿನಿಂದಲೇ, ಸಮಾಜದ ಅನ್ಯಾಯಗಳ ಬಗ್ಗೆ ಅದು ತಾಳಿದ ಮೌನವನ್ನು ಖಂಡಿಸಿದ. ಪಾಲ್ ಟಿಲಿಕ್ 1957ರಲ್ಲಿ ಸಂಶಯವನ್ನು ನಂಬಿಕೆಯ ಒಂದು ಅಂಗವೆಂದೇ ವಿವರಿಸಿದ. ಈ ಘಟ್ಟ ಮುಖ್ಯ, ಆದರೆ ಇದರ ಲೇಖಕರು ಮೂಲಭೂತವಾದಿಯ ವಾದವನ್ನು ಬಿಡಿಸಿ ನೋಡುವ ಬದಲು ಅದನ್ನು ಬದಿಗೆ ಸರಿಸಿ ಮುಂದೆ ಹೋದರು. ಮೂಲಭೂತವಾದದ ಮನೆಯಲ್ಲಿ ಬೆಳೆದ ವಿಶ್ವಾಸಿಗೆ ಟಿಲಿಕ್ ಸಾಕಾಗದಿರುವುದು ಇದರಿಂದಲೇ.

ಆ ಕೆಲಸ ಮಾಡಿದ್ದು ಸ್ಕಾಟ್‌ಲೆಂಡಿನ ಹೀಬ್ರೂ ವಿದ್ವಾಂಸ ಜೇಮ್ಸ್ ಬಾರ್. 1977ರ ಅವರ ‘ಫಂಡಮೆಂಟಲಿಸಂ’ ನಮ್ಮ ತಲೆಮಾರಿಗೆ ಕಣ್ಣು ತೆರೆಸಿದ ಪುಸ್ತಕ. ಮೂಲಭೂತವಾದಿ ಸತ್ಯವೇದವನ್ನು ಅಕ್ಷರಶಃ ಓದುತ್ತಾನೆ ಎಂಬ ಸಾಮಾನ್ಯ ಅಭಿಪ್ರಾಯವೇ ತಪ್ಪು ಎಂದು ಬಾರ್ ತೋರಿಸಿದರು. ಆತನಿಗೆ ಮುಖ್ಯವಾದದ್ದು ಗ್ರಂಥದಲ್ಲಿ ತಪ್ಪಿಲ್ಲವೆಂದು ಸಾಧಿಸುವುದು; ಅದಕ್ಕಾಗಿ ಅಕ್ಷರಾರ್ಥವನ್ನೂ ಬಿಟ್ಟುಕೊಡುತ್ತಾನೆ. ವಿಜ್ಞಾನಕ್ಕೆ ಹೊಂದಿಸಲು ಸೃಷ್ಟಿಯ ದಿನಗಳು ಯುಗಗಳಾಗುತ್ತವೆ. ಯೇಸು ದೇವಾಲಯವನ್ನು ಶುದ್ಧಮಾಡಿದ ಪ್ರಸಂಗವನ್ನು ಯೋಹಾನ ಸುವಾರ್ತೆಯ ಆರಂಭದಲ್ಲಿ ಇಟ್ಟಿದ್ದಾನೆ, ಮತ್ತಾಯ, ಮಾರ್ಕ, ಲೂಕ ಕೊನೆಯ ಭಾಗದಲ್ಲಿ ಇಟ್ಟಿದ್ದಾರೆ. ಹಾಗಾದರೆ ಅದು ಎರಡು ಸಲ ನಡೆದಿರಬೇಕು ಎಂಬ ಸಮಾಧಾನ ಹುಟ್ಟುತ್ತದೆ. ನಾಲ್ವರೂ ತಮ್ಮ ತಮ್ಮ ಜಾಗದಲ್ಲಿ ಅದನ್ನು ಇಟ್ಟು ಏನು ಹೇಳಹೊರಟಿದ್ದರು ಎಂಬ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ. ಗ್ರಂಥವನ್ನು ಕಾಪಾಡುವ ಆತುರದಲ್ಲಿ ಗ್ರಂಥದ ಮಾತೇ ಕೇಳಿಸದಂತಾಗುತ್ತದೆ ಎಂಬುದು ಬಾರ್ ಕೊಟ್ಟ ದೊಡ್ಡ ತಿಳಿವು. ಮರುವರ್ಷ, 1978ರಲ್ಲಿ, ಸಂಪ್ರದಾಯವಾದಿ ವಿದ್ವಾಂಸರು ಷಿಕಾಗೋದಲ್ಲಿ ಸೇರಿ ಹೊರಡಿಸಿದ ಹೇಳಿಕೆ ದೈವಪ್ರೇರಣೆಯನ್ನೂ ಅದರೊಡನೆ ನಿರ್ದೋಷತೆಯನ್ನೂ ಮೂಲ ಹಸ್ತಪ್ರತಿಗಳ ಮಟ್ಟಕ್ಕೆ ಕಟ್ಟಿಹಾಕಿತು. ಆ ಮೂಲ ಹಸ್ತಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದ, ಆಮೇಲೆ ವೈಗಲ್ ಮೊದಲಾದವರು ತಿದ್ದುತ್ತ ಬಂದ ಸತ್ಯವೇದವನ್ನು ಓದಿ ಕಣ್ಣೀರಿಟ್ಟ, ಬದಲಾದ ಕನ್ನಡ ವಿಶ್ವಾಸಿಗೆ ಈ ವಾದದಿಂದ ಏನು ದೊರೆಯಿತು? ದೇವರು ಅವನೊಡನೆ ಮಾತಾಡಿದ್ದು ಮನುಷ್ಯರು ತಿದ್ದಿದ ಅನುವಾದದ ಮೂಲಕವೇ.

ಇಂಥ ವಿಮರ್ಶೆಗೆ ಬರುವ ಗಟ್ಟಿ ಆಕ್ಷೇಪ ಗ್ರೆಷಮ್ ಮೇಚನ್‌ನದು. ಉದಾರವಾದವೆಂಬುದು ಕ್ರೈಸ್ತಧರ್ಮದ ಇನ್ನೊಂದು ರೂಪವಲ್ಲ, ಬೇರೆಯೇ ಧರ್ಮ ಎಂದು ಆತ 1923ರಲ್ಲಿ ವಾದಿಸಿದ. ಒಂದು ಕಲ್ಲು ಕಿತ್ತರೆ ಗೋಡೆಯೇ ಬೀಳುತ್ತದೆ ಎಂಬ ಭಯ ಇಂದಿಗೂ ಈ ವಾದದ ಬಲ. ಮೇಚನ್ ಪ್ರಾಮಾಣಿಕ ವಿದ್ವಾಂಸ. ಎಲ್ಲಿ ನಿಲ್ಲಿಸುತ್ತೀರಿ ಎಂಬ ಅವನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಬಾರ್ಟ್ ಎರ್ಮನ್‌ರ ಉದಾಹರಣೆ ನೋಡೋಣ. ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಆರಂಭಿಸಿ ಹಸ್ತಪ್ರತಿ ವಿಮರ್ಶಕರಾದ ಇವರು ನಂಬಿಕೆ ತೊರೆದದ್ದನ್ನು ಎಲ್ಲರೂ ಸಾಕ್ಷಿಯಾಗಿ ತರುತ್ತಾರೆ. ಆದರೆ ಅವರೇ ಬರೆದಿರುವಂತೆ ಅವರನ್ನು ಹೊರಗೆ ದೂಡಿದ್ದು ಹಸ್ತಪ್ರತಿಗಳ ಪಾಠಭೇದವಲ್ಲ, ಲೋಕದ ನೋವಿನ ಪ್ರಶ್ನೆ. ಅದೇ ಹಸ್ತಪ್ರತಿಗಳನ್ನು ಅವರಿಗೆ ಕಲಿಸಿದ ಗುರು ಬ್ರೂಸ್ ಮೆಟ್ಸ್‌ಗರ್, ಆ ಪಾಠಭೇದಗಳನ್ನು ಬಲ್ಲವರಲ್ಲಿ ಅಗ್ರಗಣ್ಯರು, 2007ರಲ್ಲಿ ತೀರಿಕೊಳ್ಳುವವರೆಗೂ ವಿಶ್ವಾಸಿಯಾಗಿಯೇ ಇದ್ದರು. ಒಂದೇ ಪುರಾವೆ ಇಬ್ಬರನ್ನು ಎರಡು ಕಡೆ ಬಿಟ್ಟಿದೆ. ಹಾಗಾಗಿ ವಿಮರ್ಶೆ ನಂಬಿಕೆಯನ್ನು ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ. ಗ್ರಂಥದಲ್ಲಿ ಒಂದು ತಪ್ಪು ಸಿಕ್ಕರೂ ಎಲ್ಲವೂ ಸುಳ್ಳು ಎಂದು ಎಳೆಯರಿಗೆ ಕಲಿಸಿದರೆ, ಮೊದಲ ತಪ್ಪು ಕಂಡ ದಿನ ಅವರು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಆ ಬೋಧನೆಯ ಹೊಣೆ ಮೂಲಭೂತವಾದದ್ದೇ.

ಅಮೆರಿಕ, ಬ್ರಿಟನ್ನುಗಳ ಸಮೀಕ್ಷೆಗಳು ಇಷ್ಟಕ್ಕೆ ನಿಲ್ಲುತ್ತವೆ; ನಮ್ಮ ನೆಲದ ಕೆಲಸವನ್ನು ಅವು ಅಡಿಟಿಪ್ಪಣಿಗೂ ಸೇರಿಸುವುದಿಲ್ಲ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ದೈವಶಾಸ್ತ್ರ ಸೆಮಿನರಿಯಲ್ಲೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಪಾಠ ಹೇಳಿದ ಸ್ಟಾನ್ಲಿ ಸಮರ್ಥ, ಮುಂದೆ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಅಂತರ್‌ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಬಾರ್ ಗ್ರಂಥದ ಒಳಗಿನಿಂದ ಕೇಳಿದ್ದನ್ನು ಸಮರ್ಥ ನೆರೆಮನೆಯ ಕಡೆಯಿಂದ ಕೇಳಿದರು. ಹಲವು ಧರ್ಮಗ್ರಂಥಗಳು ಪಠಣಗೊಳ್ಳುವ ಊರಿನಲ್ಲಿ ನಮ್ಮ ಗ್ರಂಥದ ಅಧಿಕಾರವೆಂದರೆ ಏನು? ಕ್ರಿಸ್ತನು ಸಭೆಯ ಗಡಿಯೊಳಗೆ ಕಟ್ಟುಬಿದ್ದವನೇ? 1974ರ ಅವರ ಗ್ರಂಥ ಈ ಎರಡನೆಯ ಪ್ರಶ್ನೆಯನ್ನು ಹಿಂದೂ ಚಿಂತಕರ ಮೂಲಕ ಹಾಯಿಸಿತು. 1991ರ ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ ಎರಡನ್ನೂ ಒಟ್ಟಿಗೆ ತಂದಿತು. ಇದು ಎಲ್ಲವೂ ಒಂದೇ ಎನ್ನುವ ಸಡಿಲ ಮಾತು ಎಂದು ಆಕ್ಷೇಪಿಸಿದವರುಂಟು. ಸಮರ್ಥ ತಮ್ಮ ಕ್ರಿಸ್ತಭಕ್ತಿಯನ್ನು ಬಿಟ್ಟುಕೊಟ್ಟು ಸಂವಾದಕ್ಕೆ ಕೂತವರಲ್ಲ. ತನ್ನ ನಂಬಿಕೆಗೆ ಬದ್ಧನಾದವನೇ ಇನ್ನೊಬ್ಬನ ನಂಬಿಕೆಯ ಮಾತನ್ನು ಹೆದರದೆ ಕೇಳಬಲ್ಲ ಎಂಬುದೇ ಅವರ ನಿಲುವು. 1981ರಲ್ಲಿ ಅದೇ ಬೆಂಗಳೂರಿನ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಬೆಳೆಯಿತು. ಶಂಕೆ ಓದಿದವರ ಐಷಾರಾಮ, ಸ್ವಂತದ ನಂಬಿಕೆ ಒಂಟಿ ನಂಬಿಕೆ ಎಂಬ ಆಕ್ಷೇಪಗಳಿಗೆ ಅಲ್ಲಿ ಉತ್ತರವಿದೆ: ಅವಮಾನ ಉಂಡವರ ಪ್ರಶ್ನೆಗಳು ಪುಸ್ತಕದಿಂದ ಹುಟ್ಟಿದವಲ್ಲ, ಅವರ ನಂಬಿಕೆ ಏಕಾಂತದ್ದೂ ಅಲ್ಲ.

ಈಚಿನ ಬರವಣಿಗೆಯಲ್ಲಿ ಇಬ್ಬರನ್ನು ಹೆಸರಿಸಬೇಕು. ಮೇಚನ್ 1929ರಲ್ಲಿ ಕಟ್ಟಿದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯಲ್ಲೇ ಕಲಿಸುತ್ತಿದ್ದ ಪೀಟರ್ ಎನ್ಸ್, ಸತ್ಯವೇದದ ಮಾನವೀಯ ಮುಖದ ಬಗ್ಗೆ ಬರೆದ ಪುಸ್ತಕದ ವಿವಾದದಿಂದ 2008ರಲ್ಲಿ ಅಲ್ಲಿಂದ ಹೊರಬಂದರು. ಡೇಟನ್ನಿನಲ್ಲಿ ಬ್ರಯನ್‌ನ ಹೆಸರಿನದೇ ಕಾಲೇಜಿನಲ್ಲಿ ಓದಿದ ರೇಚಲ್ ಹೆಲ್ಡ್ ಇವಾನ್ಸ್, 2019ರಲ್ಲಿ ಅಕಾಲ ಮರಣ ಹೊಂದುವವರೆಗೆ ಶಂಕೆಯನ್ನೂ ಸಭೆಯನ್ನೂ ಒಟ್ಟಿಗೆ ಹಿಡಿದು ಬರೆದರು. ಇವರ ಮಾತು ಇಂಗ್ಲಿಷ್ ಓದುಗರಿಗೆ ತಲುಪಿದೆ. ಸಮರ್ಥರ ಮುಖ್ಯ ಗ್ರಂಥಗಳೂ ಇಂಗ್ಲಿಷಿನಲ್ಲೇ ಬಂದವು. ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿಗೆ ತಂದಾಗ, ಸುವಾರ್ತೆಯನ್ನು ಮತ್ತೆ ಹೇಳುವ ಧೈರ್ಯ ನಮ್ಮ ಭಾಷೆಗೆ ಬಂದಿತ್ತು. ಸುವಾರ್ತೆಯನ್ನು ಪ್ರಶ್ನಿಸಿ ಉಳಿಯುವ ಧೈರ್ಯಕ್ಕೆ ಬೇಕಾದ ಗದ್ಯ ಇನ್ನೂ ಸಾಲದು. ಸೆಮಿನರಿಗಳಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಭಾನುವಾರ ಕನ್ನಡದಲ್ಲಿ ಹೇಳಲು ಹಿಂಜರಿಯುವ ನಮ್ಮ ಅಯ್ಯನವರುಗಳಿಗೆ, ಸಂಡೇ ಸ್ಕೂಲಿನ ಶಿಕ್ಷಕರಿಗೆ ಒಂದೇ ಬಿನ್ನಹ: ಪ್ರಶ್ನೆ ಕೇಳುವ ಮಗುವನ್ನು ಗದರಬೇಡಿ. ಬಾರ್, ಮೆಟ್ಸ್‌ಗರ್, ಸಮರ್ಥ ನಡೆದ ದಾರಿಯೊಂದು ಇದೆಯೆಂದು ಅದಕ್ಕೆ ಕನ್ನಡದಲ್ಲೇ ತಿಳಿಸಿ.